ಎರಡು ಕೀಲಿಗಳ ಸರೋವರ

ಮಲಾವಿ ದೇಶದವರು ಅದನ್ನು ಮಲಾವಿ ಸರೋವರ ಎನ್ನುತ್ತಾರೆ. ಎದುರು ದಂಡೆಯ ತಾಂಜಾನಿಯಾದವರಿಗೆ ಅದು ನ್ಯಾಸಾ. ಹೆಸರಿನಲ್ಲೇ ಒಮ್ಮತವಿಲ್ಲದ ಮೇಲೆ ಗಡಿಯ ಮಾತು ಕೇಳುವುದೇ ಬೇಡ. ಗಡಿ ಆಚೆ ದಂಡೆಯ ಮರಳಿಗೆ ತಾಗಿಕೊಂಡಿದೆ ಎಂದು ಇವರು, ಇಲ್ಲ, ನೀರಿನ ನಟ್ಟನಡುವೆ ಇದೆ ಎಂದು ಅವರು, ತಾತನ ಕಾಲದಿಂದ ವಾದ ಮಾಡುತ್ತ ಬಂದಿದ್ದರು. ವಾದ ಮುಗಿಯುವ ಲಕ್ಷಣ ಕಾಣಲಿಲ್ಲ. ಅಷ್ಟರಲ್ಲಿ ಸರೋವರದ ಮೀನು ಮುಗಿಯತೊಡಗಿತು.

ನೀರು ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದ್ದುದೇ ಅದಕ್ಕೆ ಕಾರಣ. ಏಳುನೂರು ಮೀಟರ್ ಆಳದ ಸರೋವರ ಅದು. ಮೇಲಿನ ನೀರು ಬಿಸಿ, ಹಗುರ. ಕೆಳಗಿನದು ತಂಪು, ಭಾರ. ಒಂದರ ಮೇಲೊಂದು ಹಾಸಿದ ಕಂಬಳಿಗಳ ಹಾಗೆ ಅವು ಬೆರೆಯದೆ ಮಲಗಿರುತ್ತವೆ. ಸತ್ತ ಜೀವಿಗಳ ಸಾರವೆಲ್ಲ ಕೆಳಗಿಳಿದು ಅಲ್ಲೇ ಉಳಿದುಬಿಡುತ್ತದೆ. ಆ ಸಾರವನ್ನು ಬೆಳಕು ಬೀಳುವ ಮಟ್ಟಕ್ಕೆ ಎತ್ತಿಕೊಟ್ಟರೆ? ಪಾಚಿ ಬೆಳೆಯುತ್ತದೆ, ಪಾಚಿ ತಿನ್ನುವ ಹುಳು ಹೆಚ್ಚುತ್ತದೆ, ಹುಳು ತಿನ್ನುವ ಮೀನು ಹೆಚ್ಚುತ್ತದೆ. ಹೀಗೆ ಹುಟ್ಟಿಕೊಂಡವು ಎರಡು ಕೊಳವೆಗಳು. ಇನ್ನೂರಿಪ್ಪತ್ತು ಮೀಟರ್ ಉದ್ದ, ಒಂದು ಕೋಣೆಯಷ್ಟು ಅಗಲ. ಒಂದು ಈ ದಂಡೆಯ ಕಡೆ, ಇನ್ನೊಂದು ಆ ದಂಡೆಯ ಕಡೆ. ತಲೆಗೆ ತೇಲುವ ಉಕ್ಕಿನ ಪೀಪಾಯಿ, ಬುಡಕ್ಕೆ ಮೇಲ್ಮುಖವಾಗಿ ಮಾತ್ರ ತೆರೆಯುವ ವಾಲ್ವ್. ಅಲೆಯೊಂದು ಪೀಪಾಯಿಯನ್ನು ಎತ್ತಿ ಇಳಿಸಿದಂತೆಲ್ಲ ತಳದ ನೀರು ಗುಟುಕು ಗುಟುಕಾಗಿ ಮೇಲೆ ಬರುತ್ತಿತ್ತು. ಬೇರೆ ಇಂಧನ ಬೇಕಿರಲಿಲ್ಲ.

ಆದರೆ ಇನ್ನೂರೈವತ್ತು ಮೀಟರಿನಿಂದ ಕೆಳಗಿರುವುದು ಸತ್ತ ನೀರು. ಅಲ್ಲಿ ಆಮ್ಲಜನಕವಿಲ್ಲ, ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲವಿದೆ. ಕೊಳವೆಯ ಬಾಯಿ ಅದನ್ನು ಕುಡಿದರೆ ಒಂದೇ ದಿನದಲ್ಲಿ ದಂಡೆಯುದ್ದಕ್ಕೂ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಆದ್ದರಿಂದ ವಾಲ್ವುಗಳನ್ನು ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹಗಲೆಲ್ಲ ಯಾರಾದರೂ ನೋಡುತ್ತಲೇ ಇರಬೇಕಿತ್ತು. ಯಾರು ನೋಡುವುದು? ಒಬ್ಬರನ್ನೊಬ್ಬರು ನಂಬದ ಎರಡು ಸರ್ಕಾರಗಳು ಕೊನೆಗೆ ಒಂದು ದಾರಿ ಕಂಡುಕೊಂಡವು. ಒಪ್ಪಂದದಲ್ಲಿ ಸರೋವರದ ಹೆಸರಿರಲಿಲ್ಲ, ಗಡಿ ಎಂಬ ಪದವಿರಲಿಲ್ಲ. ‘ಈ ನೀರು’ ಎಂದು ಮಾತ್ರ ನಲವತ್ತು ಸಲ ಬರೆದಿತ್ತು. ಎರಡೂ ದಂಡೆಯಲ್ಲಿ ಒಂದೊಂದು ನಿಯಂತ್ರಣ ಕೋಣೆ, ಒಂದೊಂದು ಕೀಲಿ. ಎರಡೂ ಕೀಲಿ ಒಟ್ಟಿಗೆ ತಿರುಗಿದರಷ್ಟೇ ಎರಡೂ ವಾಲ್ವುಗಳು ಒಟ್ಟಿಗೆ ಅಲುಗಬೇಕು. ತನ್ನ ಕಡೆಯ ಕೊಳವೆಯನ್ನು ಯಾರೂ ಒಂಟಿಯಾಗಿ ತೆರೆಯುವಂತಿಲ್ಲ, ಮುಚ್ಚುವಂತೆಯೂ ಇಲ್ಲ.

ಮಲಾವಿಯ ಕಡೆ, ಚಿಂತೇಚೆ ಎಂಬ ಊರಿನ ಗುಡ್ಡದ ಮೇಲಿದ್ದ ಕೋಣೆಯ ಕೀಲಿ ಟೊವೆರಾ ಕುಮ್ವೆಂಡಾಳ ಕೈಯಲ್ಲಿತ್ತು. ಬಂದಾಗ ಅವಳಿಗೆ ನಲವತ್ತು ವರ್ಷ. ರುಂಫಿ ಬೆಟ್ಟದ ಕಡೆಯವಳು. ನೀರಿನ ಬಗ್ಗೆ ಎರಡು ಪದವಿ ಪಡೆದಿದ್ದರೂ ಈಜು ಬರುತ್ತಿರಲಿಲ್ಲ. ಗಂಡ ಸತ್ತು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೆಲಸಕ್ಕೆ ಸೇರುವಾಗ ಅವಳು ಸಹಿ ಹಾಕಿದ ನಿಯಮ ಒಂದೇ: ವಾಲ್ವ್ ಯಾವಾಗ, ಎಷ್ಟು ತೆರೆಯುತ್ತದೆ ಎಂಬುದನ್ನು ಹೊರಗಿನ ಯಾರಿಗೂ ಹೇಳಬಾರದು. ಹೇಳಿದರೆ, ತಿಳಿದವರು ಮೊದಲೇ ಹೋಗಿ ಬಲೆ ಬಿಡುತ್ತಾರೆ.

ಇದು ದೊಡ್ಡ ಕಷ್ಟವೆಂದು ಆಗ ಅನಿಸಿರಲಿಲ್ಲ.

ಎರಡನೆಯ ವರ್ಷ, ಗುಡ್ಡದ ಕೆಳಗೆ ಮೀನು ಒಣಗಿಸುತ್ತಿದ್ದ ನ್ಯಾಫಿರಿ ಎಂಬ ಹೆಂಗಸು ಅವಳ ಅಡುಗೆಮನೆಗೆ ಬಂದು ಹೋಗಿ ಮಾಡತೊಡಗಿದಳು. ಬಾಯಿ ತುಂಬ ಮಾತು, ಬಾಯಿ ತುಂಬ ನಗು. ಒಂದು ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಕೂತು ಒಂದೇ ತಟ್ಟೆಯಿಂದ ಎನ್‌ಸಿಮಾ ಮುದ್ದೆಯನ್ನು ಮುರಿದು ಮೀನಿನ ಸಾರಿಗೆ ಅದ್ದಿಕೊಂಡು ಉಂಡರು. ಅದೇ ವಾರ ನ್ಯಾಫಿರಿಯ ತಮ್ಮನ ಬಲೆಗೆ ದೋಣಿ ಮುಳುಗುವಷ್ಟು ಮೀನು ಬಿತ್ತು. ಶುದ್ಧ ಅದೃಷ್ಟ. ಆದರೆ ಮರುದಿನ ಬೆಳಗ್ಗೆ ಐವತ್ತು ಜನ ಗೇಟಿನ ಮುಂದೆ ನಿಂತಿದ್ದರು.

“ಜೊತೆಗೆ ಉಂಡೋರಿಗೆ ಮಾತ್ರ ನೀರು ತೆರೀತೀರಾ ಅಮಾಯಿ?” ಎಂದು ಮುದುಕನೊಬ್ಬ ಕೂಗಿದ. ಅಮಾಯಿ ಎಂದರೆ ಅಮ್ಮ. ಅವತ್ತು ಆ ಪದ ಬೈಗುಳದ ಹಾಗೆ ಕೇಳಿಸಿತು.

ತನಿಖೆಗೆ ಅಧಿಕಾರಿ ಬಂದ, ಎಚ್ಚರಿಕೆಯ ಪತ್ರ ಬಂತು. ನ್ಯಾಫಿರಿ ಮತ್ತೆ ಒಳಗೆ ಬರಲಿಲ್ಲ. ಹಬ್ಬ ಹರಿದಿನಕ್ಕೆ ಎಲೆಯಲ್ಲಿ ಸುತ್ತಿದ ನಾಲ್ಕು ಮೀನು ಗೇಟಿನ ಕಂಬದ ಮೇಲಿಟ್ಟು, ಯಾರಾದರೂ ನೋಡಿದರೇನೋ ಎಂದು ಬೇಗ ಬೇಗ ಇಳಿದು ಹೋಗುತ್ತಿದ್ದಳು. ಟೊವೆರಾ ಕೂಡ ಸಂತೆಗೆ ಹೋಗುವುದನ್ನು ಬಿಟ್ಟಳು, ಚರ್ಚಿನಲ್ಲಿ ಕೊನೆಯ ಬೆಂಚಿಗೆ ಸರಿದಳು, ಆಮೇಲೆ ಚರ್ಚಿಗೂ ಹೋಗಲಿಲ್ಲ. ಅವಳು ಯಾರ ಜೊತೆ ನಿಂತು ನಕ್ಕರೂ ಅವರಿಗೆ ತೊಂದರೆ.

ಕೊಳವೆಗಳು ಮಾತ್ರ ಕೆಲಸ ಮಾಡಿದವು. ಇಲ್ಲಿ ಉಸಿಪಾ ಎಂದೂ ಅಲ್ಲಿ ದಗಾ ಎಂದೂ ಕರೆಯುವ ಬೆರಳುದ್ದದ ಬೆಳ್ಳಿಮೀನು ಮರಳಿ ಬಂತು. ಅದರ ಜೊತೆ ಸರೋವರದ ನೊಣಗಳೂ ಬಂದವು. ಹಿಂದೆ ವರ್ಷಕ್ಕೆ ಕೆಲವು ಸಲ ನೀರಿನಿಂದ ಹೊಗೆಯ ಕಂಬದ ಹಾಗೆ ಏಳುತ್ತಿದ್ದ ನೊಣದ ಮೋಡಗಳು ಈಗ ತಿಂಗಳಿಗೆ ನಾಲ್ಕು ಸಲ ಏಳುತ್ತಿದ್ದವು. ಜನ ಬುಟ್ಟಿ ಬೀಸಿ ನೊಣ ಹಿಡಿದು, ಕುಟ್ಟಿ, ರೊಟ್ಟಿ ತಟ್ಟಿ ಸುಟ್ಟು ತಿನ್ನುತ್ತಿದ್ದರು. ಉಬ್ಬಸ ಇದ್ದವರು ಬಾಗಿಲ ಸಂದಿಗೆ ಬಟ್ಟೆ ತುರುಕಿ ಒಳಗೇ ಕೂರುತ್ತಿದ್ದರು. ಅಂಥ ದಿನ ಟೊವೆರಾಳ ಕಿಟಕಿ ಗಾಜು ಕಪ್ಪಾಗಿ, ಕೋಣೆಯೊಳಗೆ ಅವಳೂ ಮೀಟರುಗಳ ಹಸಿರು ಬೆಳಕೂ ಮಾತ್ರ ಉಳಿಯುತ್ತಿದ್ದವು.

ಜೊತೆಗೆ, ರೇಡಿಯೋದಲ್ಲಿ ಓಸ್ಮಂಡ್‌ನ ದನಿ.

ಓಸ್ಮಂಡ್ ಹೌಲೆ ಎದುರು ದಂಡೆಯ ಲಿಯುಲಿಯಲ್ಲಿ ಇನ್ನೊಂದು ಕೀಲಿ ಹಿಡಿದವನು. ಬೆಳಗ್ಗೆ ಆರಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ರೇಡಿಯೋ ಗಂಟೆ ಬಾರಿಸುತ್ತಿತ್ತು.

“ಲಿಯುಲಿ ಮಾತಾಡ್ತಿರೋದು. ದಾದಾ, ಬೆಳಗಾಯ್ತಾ?” ದಾದಾ ಎಂದರೆ ಅವರ ಭಾಷೆಯಲ್ಲಿ ಅಕ್ಕ.

“ಆಯ್ತು ಓಸ್ಮಂಡ್. ಸೂರ್ಯ ನಿಮ್ಮ ಕಡೆ ಮೊದಲು ಬರ್ತಾನೆ. ನೀವು ಕಳಿಸಿದ ಮೇಲೆ ತಾನೇ ನಮಗೆ ಬೆಳಗಾಗೋದು?”

“ಇವತ್ತು ಸ್ವಲ್ಪ ಬಳಸಿದೀವಿ. ಹಳೇದು ಅಂತ ಬೈಕೋಬೇಡಿ.”

ಆಮೇಲೆ ಅಂಕಿಗಳು: ಸತ್ತ ನೀರಿನ ಮಟ್ಟ, ಅಲೆಯ ಎತ್ತರ, ಆಮ್ಲಜನಕ. ಆಮೇಲೆ ಮೂರು ಎಣಿಸಿ ಇಬ್ಬರೂ ಕೀಲಿ ತಿರುಗಿಸುವುದು. ಮಾತೆಲ್ಲ ದಾಖಲಾಗುತ್ತಿದ್ದುದರಿಂದ ಮನೆ ವಿಷಯಕ್ಕೆ ಜಾಗವಿರಲಿಲ್ಲ. ಆದರೂ ಹನ್ನೊಂದು ವರ್ಷದಲ್ಲಿ ಅವಳಿಗೆ ಅವನ ಮೊಣಕಾಲು ನೋವು ಗೊತ್ತು, ಕೆಮ್ಮಿನ ಕಾಲ ಗೊತ್ತು, ನಗುವ ಮೊದಲು ಒಂದು ಕ್ಷಣ ಉಸಿರು ಹಿಡಿಯುವುದು ಗೊತ್ತು. ಅವನಿಗೂ ಅದೇ ನಿಯಮ. ಅವನೂ ತನ್ನ ಹಾಗೆಯೇ ಒಂದು ಗುಡ್ಡದ ಮೇಲೆ ಒಬ್ಬನೇ ಇರಬೇಕು ಎಂದು ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ಕೇಳಿರಲಿಲ್ಲ. ಕೇಳುವ ಅಗತ್ಯವೂ ಕಂಡಿರಲಿಲ್ಲ. ದಿನಕ್ಕೆ ಎರಡು ಸಲ, ಏಳೆಂಟು ನಿಮಿಷ. ಉಳಿದ ಹೊತ್ತೆಲ್ಲ ಆ ಏಳೆಂಟು ನಿಮಿಷಕ್ಕೆ ಕಾಯುವುದೇ ಆಗಿತ್ತು.

ಹನ್ನೊಂದನೆಯ ವರ್ಷದ ಆಗಸ್ಟಿನಲ್ಲಿ ರಾಜಧಾನಿಯಿಂದ ಇಲಾಖೆಯ ಕಾರ್ಯದರ್ಶಿ ಫೋನ್ ಮಾಡಿದ.

“ಟೊವೆರಾ, ನಾಳೆಯಿಂದ ಎಂಟು ದಿನ ವಾಲ್ವ್ ಪೂರ್ತಿ ತೆರೆದಿಡಿ. ಹನ್ನೆರಡನೇ ತಾರೀಕು ಲಿಯುಲಿಯಲ್ಲಿ ದೊಡ್ಡ ಒಪ್ಪಂದಕ್ಕೆ ಸಹಿ. ಎರಡೂ ದೇಶದ ಮುಖ್ಯಸ್ಥರು ದಂಡೆ ಮೇಲೆ ನಿಂತಿರುವಾಗ ದೋಣಿಗಳು ತುಂಬಿಕೊಂಡು ಬರಬೇಕು. ಕ್ಯಾಮೆರಾದವರು ಇರ್ತಾರೆ.”

“ಸರ್, ಇದು ಆಗ್ನೇಯದಿಂದ ಮ್ವೇರಾ ಗಾಳಿ ಜೋರಾಗಿ ಬೀಸೋ ಕಾಲ. ಪೂರ್ತಿ ತೆರೆಯೋದು...”

“ಎಂಟೇ ದಿನ. ಅವರೂ ಒಪ್ಪಿದ್ದಾರೆ.”

ಒಪ್ಪಂದ ಸಣ್ಣದಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಮಲಾವಿಗೆ ಸಮುದ್ರವಿಲ್ಲ. ಗೊಬ್ಬರವೋ ಔಷಧಿಯೋ ಬಂದರಿನಿಂದ ಲಾರಿಯಲ್ಲಿ ವಾರಗಟ್ಟಲೆ ತೆವಳಿಕೊಂಡು ಬರಬೇಕು. ಈಗ ತಾಂಜಾನಿಯಾದ ಎಂಟ್ವಾರಾ ಬಂದರಿನಿಂದ ಸರೋವರದ ದಂಡೆವರೆಗೆ ರೈಲು, ಅಲ್ಲಿಂದ ಈಚೆಗೆ ದೊಡ್ಡ ದೋಣಿ, ಎರಡೂ ದೇಶಕ್ಕೆ ಒಂದೇ ವಿದ್ಯುತ್ ತಂತಿ, ಸುಂಕವಿಲ್ಲದ ಒಂದೇ ಮೀನು ಮಾರುಕಟ್ಟೆ. ಅವಳ ಗಂಡ ಸತ್ತಿದ್ದು, ಬರಬೇಕಾದ ಔಷಧಿ ಒಂಬತ್ತು ದಿನ ಗಡಿಯಲ್ಲಿ ನಿಂತಿದ್ದರಿಂದ. ಅಂಥ ಒಪ್ಪಂದಕ್ಕೆ ಅಡ್ಡಬರುವ ಮನಸ್ಸು ಅವಳಿಗೆ ಇರಲು ಸಾಧ್ಯವಿರಲಿಲ್ಲ.

ಐದನೆಯ ದಿನ, ಮಧ್ಯಾಹ್ನ ಎರಡಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿತು.

“ದಾದಾ, ಕೀಲಿ ತಗೊಳ್ಳಿ. ಮುಚ್ಚಬೇಕು.”

“ಏನಾಯ್ತು?”

“ಸತ್ತ ನೀರು ಮೇಲೆ ಬರ್ತಿದೆ. ನನ್ನ ಮೀಟರು ಇನ್ನೂರಿಪ್ಪತ್ತಾರು ತೋರಿಸ್ತಿದೆ. ಕೊಳವೆ ಬಾಯಿಗೆ ಆರೇ ಮೀಟರ್. ಬಾಟಲಿ ಇಳಿಸಿ ನೀರು ತರಿಸಿದೆ, ವಾಸನೆ ಇದೆ.”

ಅವಳು ತನ್ನ ಮೀಟರ್ ನೋಡಿದಳು. ಅದು ಇನ್ನೂರ ಎಪ್ಪತ್ತು ತೋರಿಸುತ್ತಿತ್ತು. ಇವಳ ಕಡೆ ಸತ್ತ ನೀರು ಕೆಳಗಿಳಿದಿತ್ತು. ಹಾಗಾಗುವುದು ಸಹಜವೇ. ಮೂರು ದಿನದಿಂದ ಬೀಸುತ್ತಿದ್ದ ಗಾಳಿ ಮೇಲಿನ ನೀರನ್ನು ಇವಳ ದಂಡೆಗೆ ತಳ್ಳಿತ್ತು. ಇಲ್ಲಿ ಭಾರ ಹೆಚ್ಚಾದಂತೆ ತಳದ ನೀರು ಅಲ್ಲಿ ಏಳಬೇಕು. ಹೌದು, ಆದರೆ ನಲವತ್ತನಾಲ್ಕು ಮೀಟರ್ ವ್ಯತ್ಯಾಸವನ್ನು ಅವಳು ಯಾವತ್ತೂ ಕಂಡಿರಲಿಲ್ಲ.

ಕಾರ್ಯದರ್ಶಿಗೆ ಫೋನ್ ಮಾಡಿದಳು.

“ನಿಮ್ಮ ಮೀಟರ್ ಏನು ಹೇಳ್ತಿದೆ?” ಎಂದ ಅವನು.

“ಸರಿಯಾಗಿದೆ ಅಂತ. ಆದ್ರೆ ಸರ್, ಗಾಳಿ...”

“ಹಾಗಾದ್ರೆ ಅವರ ಮೀಟರ್ ಕೆಟ್ಟಿದೆ. ಇಲ್ಲಾ ಆಟ ಆಡ್ತಿದ್ದಾರೆ. ಮಾರುಕಟ್ಟೆಯಲ್ಲಿ ಯಾರಿಗೆಷ್ಟು ಪಾಲು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ದೋಣಿ ಖಾಲಿ ಬಂದ್ರೆ ಅವರ ಕೈ ಮೇಲಾಗುತ್ತೆ.”

“ಮುಚ್ಚಿದ್ರೆ ಅವರ ದೋಣಿನೂ ಖಾಲಿನೇ ಅಲ್ವಾ ಸರ್?”

“ಅದನ್ನ ಯೋಚಿಸೋದು ನಿಮ್ಮ ಕೆಲಸ ಅಲ್ಲ. ಕೀಲಿ ಮುಟ್ಟಬೇಡಿ.”

ರೇಡಿಯೋಗೆ ಮರಳಿದಾಗ ಓಸ್ಮಂಡ್ ಇನ್ನೂ ಕಾಯುತ್ತಿದ್ದ. “ನಮ್ಮೋರೂ ಬೇಡ ಅಂದ್ರು,” ಎಂದ. ಅವನ ದನಿ ನಡುಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಆ ದನಿ ನಡುಗಿದ್ದನ್ನು ಅವಳು ಕೇಳಿರಲಿಲ್ಲ. “ದಾದಾ, ನಿಮ್ಮ ಕಡೆ ಏನೂ ಕಾಣಿಸಲ್ಲ ಅಂತ ನಂಗೊತ್ತು. ನೀವು ಒಲ್ಲೆ ಅಂದ್ರೂ ನಾನೇನೂ ಅಂದ್ಕೊಳ್ಳಲ್ಲ.”

ಟೊವೆರಾ ಮೀಟರಿನತ್ತ ಇನ್ನೊಮ್ಮೆ ನೋಡಿದಳು. ಆಮೇಲೆ ನೋಡಲಿಲ್ಲ. ಆ ನಡುಕವೇ ಅವಳಿಗೆ ಸಾಕಾಯಿತು.

“ಮೂರು ಎಣಿಸ್ತೀನಿ,” ಎಂದಳು.

ಮುಂದಿನ ಆರು ದಿನ ಎರಡೂ ದಂಡೆಯ ದೋಣಿಗಳು ಬರಿದಾಗಿ ಬಂದವು. ಸಹಿ ಹಾಕುವ ಸಮಾರಂಭಕ್ಕೆ ದಾರ್ ಎಸ್ ಸಲಾಮ್‌ನಿಂದ ಐಸಿನಲ್ಲಿಟ್ಟ ಕಡಲ ಮೀನು ತರಿಸಿದರಂತೆ. ಕ್ಯಾಮೆರಾಗಳು ಅದನ್ನೇ ತೋರಿಸಿದವು. ಒಪ್ಪಂದಕ್ಕೆ ಸಹಿ ಬಿತ್ತು, ಅದಕ್ಕೇನೂ ಕುಂದಾಗಲಿಲ್ಲ. ಚಿಂತೇಚೆಯ ಗೇಟಿನ ಮುಂದೆ ಮಾತ್ರ ಜನ ಸೇರಿದರು. ಈ ಸಲ ಗುಂಪಿನಲ್ಲಿ ನ್ಯಾಫಿರಿಯೂ ಇದ್ದಳು. ಅವಳು ಕೂಗಲಿಲ್ಲ. ಖಾಲಿ ಬುಟ್ಟಿಯನ್ನು ಕವುಚಿ ಅದರ ಮೇಲೆ ಕೂತು, ಬಿಸಿಲೇರುವವರೆಗೂ ಕಿಟಕಿಯನ್ನೇ ನೋಡುತ್ತಿದ್ದಳು.

ಆಗದೇ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ತನಿಖಾ ಸಮಿತಿಯ ಮುಂದೆ ಟೊವೆರಾ ಅದನ್ನೇ ಹೇಳಲು ನೋಡಿದಳು. ಸಮಿತಿಯಲ್ಲಿ ಎರಡೂ ದೇಶದವರಿದ್ದರು, ಒಬ್ಬರಿಗೊಬ್ಬರು ಚಹಾ ಬಗ್ಗಿಸಿಕೊಡುತ್ತಿದ್ದರು. ವಾಲ್ವ್ ಮುಚ್ಚಿದ ಮೂರನೆಯ ದಿನ ಲಿಯುಲಿಯ ದಂಡೆಗೆ ನೂರಿನ್ನೂರು ಸತ್ತ ಮೀನು ಬಂದು ಬಿದ್ದಿದ್ದವು. ಗಾಳಿಗೆ ಅಷ್ಟು ಸಾಯುವುದು ಉಂಟು ಎಂದರು.

“ನಿಮ್ಮ ಮೀಟರ್ ಬೇಡ ಅಂದಿತ್ತು, ಮೇಲಿನೋರು ಬೇಡ ಅಂದಿದ್ರು,” ಎಂದು ಕನ್ನಡಕದ ಹೆಂಗಸೊಬ್ಬಳು ಮೃದುವಾಗಿಯೇ ಕೇಳಿದಳು. “ಮತ್ಯಾಕೆ ತಿರುಗಿಸಿದಿರಿ?”

“ಓಸ್ಮಂಡ್ ಹೇಳಿದ್ರು.”

“ಅವರನ್ನ ಯಾವತ್ತಾದ್ರೂ ನೋಡಿದೀರಾ?”

“ಇಲ್ಲ.”

ಹೆಂಗಸು ಏನೋ ಬರೆದುಕೊಂಡಳು. ವರದಿಯಲ್ಲಿ ಅದು ಹೀಗೆ ಬಂತು: ಇಬ್ಬರು ನೌಕರರ ನಡುವಿನ ಖಾಸಗಿ ನಂಬಿಕೆಯ ಮೇಲೆ ಎರಡು ರಾಷ್ಟ್ರಗಳ ಸಂಪತ್ತು ನಿಲ್ಲಬಾರದು. ಹೊಸ ಒಪ್ಪಂದದ ಪ್ರಕಾರ ಎರಡೂ ಕೋಣೆಗಳನ್ನು ಮುಚ್ಚಿ, ನೀರಿನ ಉದ್ದಗಲಕ್ಕೂ ಸತ್ತ ನೀರಿನ ಮಟ್ಟ ಅಳೆಯುವ ಇನ್ನೂರು ಉಪಕರಣಗಳನ್ನು ತೇಲಿಬಿಟ್ಟು, ಎಲ್ಲವನ್ನೂ ಒಂದೇ ಜಂಟಿ ಯಂತ್ರಕ್ಕೆ ಒಪ್ಪಿಸಲಾಯಿತು. ಗಾಳಿಗೆ ಒಂದು ಕಡೆ ವಾಲಿದ ನೀರಿನ ಪದರವನ್ನು ಅದು ಇಬ್ಬರಿಗಿಂತ ಚೆನ್ನಾಗಿ ಕಾಣಬಲ್ಲದು. ಟೊವೆರಾ ವರದಿಯನ್ನು ಎರಡು ಸಲ ಓದಿದಳು. ತಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ ಎನಿಸಿತು.

ಅವಳು ತನಿಖೆಯಿಂದ ಮರಳುವಷ್ಟರಲ್ಲಿ ರೇಡಿಯೋವನ್ನು ಬಿಚ್ಚಿಕೊಂಡು ಹೋಗಿದ್ದರು. ಮೇಜಿನ ಮೇಲೆ ಅದು ಇದ್ದಷ್ಟು ಜಾಗ ಮಾತ್ರ ಧೂಳಿಲ್ಲದೆ ಕಾಣುತ್ತಿತ್ತು. ನಾಲ್ಕು ಗಂಟೆಯಾಯಿತು. ಅವಳು ಕುರ್ಚಿ ಎಳೆದು ಕೂತಳು, ಗಂಟೆ ನಾಲ್ಕೂಕಾಲಾದಾಗ ಎದ್ದಳು.

ಮುಂದಿನ ಮೂರು ವರ್ಷ ಅವಳು ಮ್ಝುಝು ಪಟ್ಟಣದ ಕಚೇರಿಯಲ್ಲಿ ಮಳೆಯ ಅಂಕಿ ಅಂಶ ನೋಡಿಕೊಂಡಳು. ಈಗ ಅವಳ ಬಳಿ ಯಾವ ಗುಟ್ಟೂ ಇರಲಿಲ್ಲ. ಯಾರು ಬೇಕಾದರೂ ಅವಳ ಜೊತೆ ಉಣ್ಣಬಹುದಿತ್ತು. ಆದರೆ ಬಾಗಿಲು ತೆರೆದಿಡುವುದು ಹೇಗೆಂಬುದು ಅವಳಿಗೆ ಮರೆತುಹೋಗಿತ್ತು. ಕಚೇರಿಯ ಹುಡುಗಿಯರು ಊಟಕ್ಕೆ ಕರೆದರೆ “ಆಯ್ತು, ನೀವು ನಡೀರಿ” ಎನ್ನುವಳು. ಒಂದಿಷ್ಟು ದಿನದ ಮೇಲೆ ಅವರು ಕರೆಯುವುದನ್ನು ಬಿಟ್ಟರು. ಹೊರಗೆ ಒಪ್ಪಂದ ಫಲ ಕೊಡುತ್ತಿತ್ತು. ರೈಲು ಬಂತು. ಆಸ್ಪತ್ರೆಯ ಕಪಾಟುಗಳಲ್ಲಿ ಔಷಧಿ ತುಂಬಿತು. ಸಂತೆಯಲ್ಲಿ ಆಚೆ ದಂಡೆಯ ಈರುಳ್ಳಿ ರಾಶಿ ಬಿತ್ತು. ಒಂದು ಬುಧವಾರ, ಗುರುತಿನ ಚೀಟಿ ತೋರಿಸಿದರೆ ಸಾಕು, ಯಾರು ಬೇಕಾದರೂ ಸರೋವರ ದಾಟಬಹುದು ಎಂದು ಪತ್ರಿಕೆಯಲ್ಲಿ ಬಂತು. ಶುಕ್ರವಾರದ ದೋಣಿಯಲ್ಲಿ ಟೊವೆರಾ ಇದ್ದಳು.

ಲಿಯುಲಿಯಲ್ಲಿ ಹೌಲೆಯ ಮನೆ ಕೇಳಿದರೆ ನಾಲ್ಕು ಜನ ಒಟ್ಟಿಗೆ ಕೈ ತೋರಿಸಿದರು. ಗುಡ್ಡದ ಮೇಲಲ್ಲ, ಊರ ನಡುವೆ. ಅಂಗಳದಲ್ಲಿ ಹೆಂಗಸರು ಮರಗೆಣಸು ಸುಲಿಯುತ್ತಿದ್ದರು, ಕೋಳಿಗಳು, ಕೂಸುಗಳು, ಎಲ್ಲಿಂದಲೋ ಹಾಡು. ಕಂಬಕ್ಕೆ ಒರಗಿ ಕೂತಿದ್ದ ಕುಳ್ಳ, ಬೋಳುತಲೆಯ ಮನುಷ್ಯ ತಲೆಯೆತ್ತಿ “ಯಾರು ಬೇಕಿತ್ತಮ್ಮಾ?” ಎಂದ. ಆ ದನಿ ಕೇಳಿ ಅವಳು ನಿಂತಲ್ಲೇ ನಿಂತಳು.

“ಚಿಂತೇಚೆಯಿಂದ ಬಂದೆ,” ಎಂದಳು.

ಅವನು ಒಂದು ಕ್ಷಣ ಉಸಿರು ಹಿಡಿದ. ಆಮೇಲೆ ನಕ್ಕ, ಎದ್ದ, ಕೂಗಿದ. “ಗೌಡೆನ್ಸಿಯಾ! ಬಾ ಇಲ್ಲಿ, ಯಾರು ಬಂದಿದಾರೆ ನೋಡು!”

ಹೆಂಡತಿ ಗೌಡೆನ್ಸಿಯಾ, ಆರು ಮಕ್ಕಳು, ಸೊಸೆಯರು, ಎಣಿಸಲಾಗದಷ್ಟು ಮೊಮ್ಮಕ್ಕಳು. ಎಲ್ಲರೂ ಕೈ ಹಿಡಿದು ಕುಲುಕಿದರು. “ಆಚೆ ದಂಡೇಲಿ ಒಬ್ರು ಇದಾರೆ, ಒಳ್ಳೆ ಕೆಲಸಗಾರರು ಅಂತಿದ್ರು,” ಎಂದು ಗೌಡೆನ್ಸಿಯಾ ನಗುತ್ತ ತಟ್ಟೆ ಇಟ್ಟಳು. “ಹೆಂಗಸು ಅಂತ ಒಂದಿನಾನೂ ಹೇಳ್ಲಿಲ್ಲ ನೋಡಿ! ಕೆಲಸದ ಮಾತು ಮನೆಗೆ ತರ್ತಿರಲಿಲ್ಲ ಇವರು.”

ಟೊವೆರಾ ನಕ್ಕಳು, ಬಡಿಸಿದ್ದನ್ನೆಲ್ಲ ಉಂಡಳು. ಈ ಮನೆಯಿಂದ ಎದ್ದು ಹೋಗಿ ಅವನು ದಿನಾ ಆರು ಗಂಟೆಗೆ ಮಾತಾಡುತ್ತಿದ್ದ. ಮಾತು ಮುಗಿಸಿ ಈ ಮನೆಗೇ ಬರುತ್ತಿದ್ದ. ಅದರಲ್ಲಿ ತಪ್ಪೇನಿದೆ? ಅವನು ಸುಳ್ಳು ಹೇಳಿರಲಿಲ್ಲ. ಅವಳು ಕೇಳಿರಲಿಲ್ಲ.

ದೋಣಿಯ ಹೊತ್ತಾದಾಗ ಅವನು ಪುಟ್ಟ ಮೊಮ್ಮಗಳೊಬ್ಬಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಂಡೆವರೆಗೆ ಜೊತೆಗೆ ಬಂದ. ಎದುರಾಬದುರು ನಿಂತಾಗ ಇಬ್ಬರಿಗೂ ಮಾತು ಸರಾಗವಾಗಿ ಬರಲಿಲ್ಲ.

“ಒಂದು ಕೇಳ್ಲಾ ದಾದಾ?” ಎಂದ ಕೊನೆಗೆ. “ಅವತ್ತು ನಿಮ್ಮ ಮೀಟರ್ ಏನೂ ತೋರಿಸ್ತಿರಲಿಲ್ಲ. ಯಾಕೆ ತಿರುಗಿಸಿದ್ರಿ?”

“ನಿಮ್ಮ ದನಿ ನಡುಗ್ತಿತ್ತು. ನೀವು ಕಂಡಿರಬೇಕು ಅನ್ನಿಸ್ತು.”

ಅವನು ನೀರಿನತ್ತ ನೋಡಿದ. “ಅದು ಮೇಲಿನೋರ ಮಾತು ಮೀರಿದ್ರೆ ಕೆಲಸ ಹೋಗುತ್ತಲ್ಲ ಅನ್ನೋ ಭಯ. ಮನೆ ತುಂಬ ಜನ, ನೋಡಿದ್ರಲ್ಲ. ನನ್ನ ಮೀಟರ್ ಆ ವರ್ಷ ಎರಡು ಸಲ ಸುಳ್ಳು ಹೇಳಿತ್ತು. ಬಾಟಲಿ ವಾಸನೆ... ಪಕ್ಕದಲ್ಲೇ ಮೀನು ಒಣಗಿಸ್ತಿದ್ರು. ನನಗೇ ಖಾತ್ರಿ ಇರಲಿಲ್ಲ ದಾದಾ. ನೀವು ಇನ್ನೊಂದು ಸಲ ಕೇಳಿದ್ರೆ, ಬೇಡ ಬಿಡಿ ಅಂತಿದ್ದೆ.”

ಅಲೆಯೊಂದು ಬಂದು ಇಬ್ಬರ ಪಾದವನ್ನೂ ತೋಯಿಸಿತು. ಮಗು ಅವನ ಕಿವಿ ಹಿಡಿದು ಎಳೆಯುತ್ತಿತ್ತು.

“ಈ ಮಾತು ಬೇರೆ ಯಾರಿಗೂ ಹೇಳಬೇಡಿ,” ಎಂದಳು ಟೊವೆರಾ. “ಇಲ್ಲ, ಕೋಪ ಇಲ್ಲ. ಹೇಳಿದ್ದು ಒಳ್ಳೇದಾಯ್ತು.”

“ಮತ್ತೆ ಬರ್ತೀರಲ್ಲ? ಗೌಡೆನ್ಸಿಯಾ ಕೇಳ್ತಾಳೆ.”

“ನೋಡೋಣ.”

ಕಟ್ಟೆಯ ಮೇಲೆ ಜಂಟಿ ಆಯೋಗದ ಅಂಗಿ ತೊಟ್ಟ ಹುಡುಗಿಯೊಬ್ಬಳು ದೋಣಿ ಹತ್ತುವವರನ್ನೆಲ್ಲ ಪ್ರಶ್ನೆ ಕೇಳುತ್ತ ಕೈಯಲ್ಲಿದ್ದ ಪರದೆಯನ್ನು ಒತ್ತುತ್ತಿದ್ದಳು.

“ಯಾವ ಕೆಲಸಕ್ಕೆ ಬಂದಿದ್ರಿ ಅಮ್ಮಾ?”

“ಒಬ್ಬರನ್ನ ವಿಚಾರಿಸಿಕೊಂಡು ಹೋಗೋಣ ಅಂತ.”

“ನೆಂಟರಾ?”

“ಅಲ್ಲ.”

ಹುಡುಗಿ ಪರದೆಯನ್ನು ಅವಳತ್ತ ತಿರುಗಿಸಿದಳು. ವ್ಯಾಪಾರ, ನೆಂಟರು, ಚಿಕಿತ್ಸೆ, ಸರ್ಕಾರಿ ಕೆಲಸ. “ಇಷ್ಟೇ ಇರೋದಮ್ಮಾ. ಒಂದನ್ನ ಒತ್ತದಿದ್ರೆ ಇದು ಮುಂದಕ್ಕೆ ಹೋಗಲ್ಲ.”

“ಜಾಸ್ತಿ ಜನ ಯಾವುದು ಹೇಳ್ತಾರೆ?”

“ವ್ಯಾಪಾರ.”

“ಹಾಗಾದ್ರೆ ಅದನ್ನೇ ಒತ್ತಮ್ಮ.”

ದೋಣಿಯಲ್ಲಿ ಈರುಳ್ಳಿ ಚೀಲಗಳ ನಡುವೆ ಅವಳಿಗೊಂದು ಜಾಗ ಸಿಕ್ಕಿತು. ದಂಡೆಯ ಮೇಲೆ ಓಸ್ಮಂಡ್ ಕೈ ಬೀಸಿದ. ಮಗು ಅತ್ತಿರಬೇಕು, ಅದನ್ನು ಹೆಗಲಿನಿಂದಿಳಿಸಿ, ಸಮಾಧಾನ ಮಾಡುತ್ತ ಊರ ಕಡೆ ತಿರುಗಿದ. ದೋಣಿಯಲ್ಲಿ ಎಲ್ಲರೂ ಎಲ್ಲರೊಡನೆ ಮಾತಾಡುತ್ತಿದ್ದರು, ಅರ್ಧ ಈ ದಂಡೆಯ ಭಾಷೆ, ಅರ್ಧ ಆ ದಂಡೆಯದು. ಚೌಕಾಸಿ, ನಗು, ಮದುವೆಯ ಸುದ್ದಿ. ಪಕ್ಕದ ಹೆಂಗಸು ತನ್ನ ಗಂಟನ್ನು ಸರಿಸಿ ಇವಳ ಕಾಲಿಗೆ ಜಾಗ ಮಾಡಿಕೊಟ್ಟು, ಆಚೆ ಕೂತವಳ ಕಡೆ ತಿರುಗಿ ಮಾತು ಮುಂದುವರಿಸಿದಳು. ಟೊವೆರಾ ಒದ್ದೆಯಾಗಿದ್ದ ಪಾದಗಳನ್ನು ಲಂಗದ ಅಂಚಿನಿಂದ ಒರೆಸಿಕೊಂಡಳು. ದಂಡೆ ಸಣ್ಣ ಗೆರೆಯಾಗಿ, ಆಮೇಲೆ ಅದೂ ಇಲ್ಲವಾಗಿ, ಸುತ್ತ ನೀರು ಮಾತ್ರ ಉಳಿಯಿತು.